ಶಾಂಭವಿಯ ನೀರ ಮೇಲೆ ನಿಂತು...

ಮಂಗಳೂರಿನಿಂದ ಉಡುಪಿ ದಾರಿಯಲ್ಲಿ ಸುಮಾರು 30 ಕಿ.ಮೀ. ಹೋದರೆ ಮೂಲ್ಕಿ. ಕಡಲು ಸೇರುವ ಮುನ್ನ ಶಾಂಭವಿ ನದಿ ಇಲ್ಲಿ ಕೆರೆಯಂತೆ ಶಾಂತ. ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ‘ಪ್ಯಾಡಲ್ ಬೋರ್ಡಿಂಗ್’ ಕಲಿಯಲು ತಕ್ಕ ಜಾಗ. 2024ರಲ್ಲಿ ಇದರ ಅಂತರರಾಷ್ಟ್ರೀಯ ಸ್ಪರ್ಧೆಯೂ ಮೂಲ್ಕಿಯಲ್ಲಿ ನಡೆದಿತ್ತು.

ನಾವು ಏಳು ಹೆಂಗಸರು. ಈಜು ಬರುತ್ತಿದ್ದುದು ಇಬ್ಬರಿಗೆ! ಲೈಫ್ ಜಾಕೆಟ್ ತೊಡಿಸಿ, ಹಲಗೆಯ ಹಗ್ಗವನ್ನು ಕಾಲಿಗೆ ಕಟ್ಟಿಸಿದ ಮೇಲೆಯೇ ನೀರಿಗಿಳಿಸಿದರು. ಮೊದಲು ಮೊಣಕಾಲೂರಿ ಹುಟ್ಟು ಹಾಕಬೇಕು. ಆಮೇಲೆ ಹಲಗೆಯ ನಡುಭಾಗದಲ್ಲಿ ಪಾದಗಳನ್ನು ಭುಜದಗಲ ಇಟ್ಟು, ಮಂಡಿ ತುಸು ಬಾಗಿಸಿ ಏಳಬೇಕು. ನೋಟ ಕಾಲಿನ ಮೇಲೆ ಬೇಡ, ಎದುರಿನ ತೆಂಗಿನ ಸಾಲಿನ ಮೇಲಿರಲಿ.

“ಬಿದ್ದರೆ?”

“ನೀರಿಗೇ ಬೀಳಿ ಅಕ್ಕಾ, ಹಲಗೆ ಮೇಲೆ ಬೇಡ,” ಅಂದ ಕಲಿಸುವ ಹುಡುಗ.

ಮೊದಲು ಬಿದ್ದಾಕೆ ನಗುತ್ತಾ ತೇಲಿದ್ದು ಕಂಡೇ ಉಳಿದವರಿಗೆ ಎದ್ದು ನಿಲ್ಲುವ ಧೈರ್ಯ ಬಂತು. ಮಳೆಗಾಲ ಬೇಡ, ಡಿಸೆಂಬರ್-ಫೆಬ್ರವರಿಯಲ್ಲಿ, ಗಾಳಿ ಏಳುವ ಮೊದಲೇ, ಬೆಳಿಗ್ಗೆ ಹೋಗಿ.