ಹುಂಜೋ ಹ್ಯಾಟಿಯೋ

ಬೈಲಹೊಂಗಲದ ಕಡೆಯ ಹಿತ್ತಲುಗಳಲ್ಲಿ ಕಾವಿಗೆ ಕೂತ ಕೋಳಿ 21ನೇ ದಿನಕ್ಕೆ ಮರಿ ಎಬ್ಬಿಸಿತೆಂದರೆ, ಬುಟ್ಟಿ ಎತ್ತುವ ಮೊದಲೇ ಪಂಚಾಯಿತಿ ಶುರು. ತತ್ತಿಯ ಆಸೆಯಿರುವ ಮನೆಯವ್ವನಿಗೆ ಎಲ್ಲ ಮರಿಗಳೂ ಹ್ಯಾಟಿ. ಜಾತ್ರೆಗೆ ಬರುವ ಬೀಗರ ಲೆಕ್ಕ ಹಾಕುತ್ತ ಕೂತ ಯಜಮಾನನಿಗೆ ಎಲ್ಲವೂ ಹುಂಜ.

ಪರೀಕ್ಷೆಗಳಿಗೇನು ಬರ? ಕಾಲು ಹಿಡಿದು ತಲೆಕೆಳಗು ಮಾಡಿದಾಗ ಕತ್ತೆತ್ತಿದರೆ ಹುಂಜ, ಸುಮ್ಮನೆ ಜೋತುಬಿದ್ದರೆ ಹ್ಯಾಟಿ ಅನ್ನುವವರಿದ್ದಾರೆ. ಚೂಪು ತತ್ತಿ ಗಂಡು, ದುಂಡು ತತ್ತಿ ಹೆಣ್ಣು ಅನ್ನುವವರೂ ಇದ್ದಾರೆ. ತತ್ತಿಯ ಆಕಾರಕ್ಕೂ ಒಳಗಿನ ಮರಿಗೂ ಸಂಬಂಧವೇ ಇಲ್ಲ. ಗಂಡೋ ಹೆಣ್ಣೋ ತೀರ್ಮಾನಿಸುವುದು ಮನುಷ್ಯರಲ್ಲಿ ಅಪ್ಪನ ವರ್ಣತಂತು, ಕೋಳಿಗಳಲ್ಲಿ ಅವ್ವನದು. ಹೆಣ್ಣು ಹೆತ್ತಳೆಂದು ಸೊಸೆಯನ್ನು ಬೈಯುವ ಅತ್ತೆಯರು ಕೋಳಿಗೂಡಿಗೆ ಹೋಗಿ ಬೈದರೆ ಶಾಸ್ತ್ರಕ್ಕಾದರೂ ಒಪ್ಪೀತು. ಆದರೆ ಅಲ್ಲಿ ಹೆಣ್ಣು ಹುಟ್ಟಿದರೇ ಹಬ್ಬ!

ಒಂದು ದಿನದ ಮರಿಯ ಹಿಂಬದಿ ಬಿಡಿಸಿ, ಒಳಗಿನ ಸೂಕ್ಷ್ಮ ಉಬ್ಬು ನೋಡಿ ಹೇಳುವ ವಿದ್ಯೆಯನ್ನು ಜಪಾನಿನವರು 1920ರ ದಶಕದಲ್ಲೇ ಸಾಧಿಸಿದರು. ನುರಿತ ಕೈ ಗಂಟೆಗೆ ಸಾವಿರದಷ್ಟು ಮರಿ ಬೇರ್ಪಡಿಸುತ್ತದಂತೆ. ಬೇರ್ಪಡಿಸಿದ ಮೇಲೆ? ತತ್ತಿ ತಳಿಯ ಗಂಡುಮರಿಗೆ ಹುಟ್ಟಿದ ದಿನವೇ ಕೊನೆಯ ದಿನ. ಜರ್ಮನಿ 2022ರಿಂದ ಈ ಕೊಲೆಯನ್ನು ನಿಷೇಧಿಸಿತು. ನಮ್ಮ ತಿಪ್ಪೆಯ ಮೇಲೆ ಕೆದರುವ ಜವಾರಿ ಹುಂಜಕ್ಕೆ ಅಂಥ ಕಾನೂನು ಬೇಕಿಲ್ಲ. ಯಾರಿಗೂ ಗುರುತು ಸಿಗದಿರುವುದೇ ಅದರ ಆಯುಷ್ಯ.

ಗುರುತು ಸಿಗಲು ಎರಡು ತಿಂಗಳಾದರೂ ಬೇಕು. ಹುಂಜದ ಜುಟ್ಟು ಬೇಗ ಕೆಂಪೇರಿ ದಪ್ಪವಾಗುತ್ತದೆ, ಕಾಲೂ ಗಟ್ಟಿ. ಆದರೆ ಜುಟ್ಟೊಂದನ್ನೇ ನಂಬಬಾರದು. ತತ್ತಿಗೆ ಬಂದ ಹ್ಯಾಟಿಯ ಜುಟ್ಟೂ ಕೆಂಪಾಗುತ್ತದೆ. ಬಣ್ಣವಂತೂ ಬೇಡವೇ ಬೇಡ, ಜವಾರಿಯಲ್ಲಿ ಒಂದರಂತೆ ಇನ್ನೊಂದಿಲ್ಲ. ನಾನು ನಂಬುವುದು ಗರಿಯನ್ನು. ಮೂರು ತಿಂಗಳ ಹೊತ್ತಿಗೆ ಹುಂಜದ ಕತ್ತಿನಲ್ಲಿ, ಬಾಲದ ಬುಡದಲ್ಲಿ ಉದ್ದನೆಯ ಚೂಪು ಗರಿ ಮಿರಮಿರ ಜೋತುಬೀಳುತ್ತವೆ. ಹ್ಯಾಟಿಯದು ದುಂಡು ತುದಿ. ರಾಮದುರ್ಗದ ಸಂತೆಗೆ ಹೋಗುವವರು ಗರಿಯ ಮೇಲೇ ಕಣ್ಣಿಡಲಿ. ಸವದತ್ತಿ ಬಳಿಯ ನವಿಲುತೀರ್ಥಕ್ಕೆ ಹೆಸರು ಕೊಟ್ಟ ಹಕ್ಕಿಯೂ ಕೋಳಿಯ ಕುಲದ್ದೇ. ಅದೂ ಬೆಳೆದ ಮೇಲಷ್ಟೇ ಗರಿಯಲ್ಲಿ ಗಂಡಸುತನ ತೋರಿಸುತ್ತದೆ. ಕೊನೆಗೆ ಒಂದು ನಸುಕಿಗೆ ಹುಂಜ ಕೂಗಿಯೇಬಿಡುತ್ತದೆ, ಗಂಟಲೊಡೆದ ಹುಡುಗ ಕಂಪನಿ ನಾಟಕದಲ್ಲಿ ಕಂದಪದ್ಯ ಎತ್ತಿಕೊಂಡ ಹಾಗೆ.

ಅಲ್ಲಿಗೂ ಮುಗಿಯಿತೆನ್ನುವಂತಿಲ್ಲ. ಹ್ಯಾಟಿಗೆ ಕೆಲಸ ಮಾಡುವುದು ಎಡಗಡೆಯ ಅಂಡಾಶಯವೊಂದೇ. ಅದು ಕೆಟ್ಟರೆ ಕೆಲವೊಮ್ಮೆ ಹುಂಜದ ಗರಿ ಬಂದು, ಹ್ಯಾಟಿ ಕೂಗಲೂ ತೊಡಗುತ್ತದೆ. ಬಾಸೆಲ್ ಪಟ್ಟಣದವರು 1474ರಲ್ಲಿ, ಹುಂಜವೊಂದು ತತ್ತಿಯಿಟ್ಟಿತೆಂದು ವಿಚಾರಣೆ ನಡೆಸಿ ಸುಟ್ಟೇಹಾಕಿದರು. ನಮ್ಮಲ್ಲಿ ಹ್ಯಾಟಿ ಕೂಗಿದರೆ ಮನೆಗೆ ಕೇಡಂತೆ. 1824ರಲ್ಲಿ ಚೆನ್ನಮ್ಮನ ಸೈನ್ಯದೆದುರು ಕಲೆಕ್ಟರ್ ಥ್ಯಾಕರೆ ಸತ್ತುಬಿದ್ದ ಕಿತ್ತೂರಿನಲ್ಲಿ ನಿಂತು ಹೀಗನ್ನಲು ಧೈರ್ಯ ಬೇಕು. ಆದರೂ ಅನ್ನುತ್ತಾರೆ. ಅಂದವರೇ ಅಂದು ರಾತ್ರಿ ಆ ಕೋಳಿಯನ್ನು ಸಾರಿಗೆ ಹಾಕಿ, ಕೇಡು ಕಳೆಯಿತೆಂದು ಜೋಳದ ರೊಟ್ಟಿ ಮುರಿಯುತ್ತಾರೆ.