ಹಗ್ಗವಿಲ್ಲದ ಬಂಡಿ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ರೈತರಿಗೆ ಫೆಬ್ರವರಿ ಬಂತೆಂದರೆ ಅಂತರಘಟ್ಟೆಯ ಅಮ್ಮನ ಜಾತ್ರೆ. ಸಿಂಗರಿಸಿದ ಪಾನಕದ ಗಾಡಿಗಳು ಒಂದನ್ನೊಂದು ಹಿಂದಿಕ್ಕಿ ಧಾವಿಸುವ ಆ ದಾರಿಯಲ್ಲಿ ಎತ್ತಿನ ಹಗ್ಗ ಹಿಡಿಯುವವರು ಸಾಮಾನ್ಯವಾಗಿ ಗಂಡಸರೇ. ಹೆಂಗಸರು ಗಾಡಿಯೊಳಗೆ ಕುಳಿತವರು, ಇಲ್ಲವೇ ಎತ್ತಿಗೆ ಹುರುಳಿ ಬೇಯಿಸಿಟ್ಟವರು. ಪಂದ್ಯದ ಬಂಡಿ ಹೆಣ್ಣಿನ ಕೈಗೆ ಬಂದರೆ ಮೂಕಪ್ರಾಣಿಯ ಪಾಡು ಬೇರೆಯಾದೀತೆ? ಈ ಪ್ರಶ್ನೆಯನ್ನು ಬೆನ್ನಟ್ಟಿದರೆ ಹಿಮದ ನಾಡಿನ ಒಬ್ಬ ಮಹಿಳೆ ಎದುರಾಗುತ್ತಾಳೆ.

ಆಕೆ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಈವಾ ಸೀಲಿ. ಆಳು ಕುಳ್ಳಾದುದರಿಂದ ಎಲ್ಲರ ಬಾಯಲ್ಲಿ ‘ಶಾರ್ಟ್’. 1932ರ ಲೇಕ್ ಪ್ಲಾಸಿಡ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ನಾಯಿಗಳು ಎಳೆಯುವ ಜಾರುಬಂಡಿಯ ಓಟವನ್ನು ಪ್ರದರ್ಶನ ಪಂದ್ಯವಾಗಿ ನಡೆಸಲಾಯಿತು. ಎರಡು ದಿನ, ದಿನಕ್ಕೆ ಸುಮಾರು 40 ಕಿಲೋಮೀಟರು. ಗೆದ್ದವನು ಕೆನಡಾದ ಸೇಂಟ್ ಗೊಡಾರ್ಡ್. ಸ್ಪರ್ಧಿಗಳಲ್ಲಿ ಸೀಲಿ ಒಬ್ಬಳೇ ಹೆಂಗಸು. ಆ ಬಂಡಿಗೆ ಚಕ್ರವಿಲ್ಲ. ನಾಯಿಗಳನ್ನು ತಿರುಗಿಸಲು ಹಗ್ಗವೂ ಇಲ್ಲ. ಹಿಂದೆ ನಿಂತವರ ದನಿಯನ್ನು ಕೇಳಿ ಮುಂದಾಳು ನಾಯಿ ಎಡಕ್ಕೋ ಬಲಕ್ಕೋ ಹೊರಳಬೇಕು. ದನಿಯ ಮೇಲೆ ನಾಯಿಗೆ ನಂಬಿಕೆ ಹುಟ್ಟಿಸದವನು ಅಲ್ಲಿ ಒಂದು ಹರದಾರಿಯನ್ನೂ ಸಾಗಲಾರ.

ಸೀಲಿ ದಂಪತಿಗಳ ‘ಚಿನೂಕ್’ ಶ್ವಾನಶಾಲೆಯಿಂದ ಅಡ್ಮಿರಲ್ ಬರ್ಡ್‌ನ ದಕ್ಷಿಣ ಧ್ರುವ ಯಾನಕ್ಕೂ ನಾಯಿಗಳು ಹೋದವು. ಆ ಯಾನದಲ್ಲಿ ಹೆಂಗಸರಿಗೆ ಎಡೆಯಿರಲಿಲ್ಲ. ಆಕೆ ಪಳಗಿಸಿದ ಪ್ರಾಣಿಗಳಿಗಿತ್ತು. ಎಲ್ಲವೂ ಮರಳಲಿಲ್ಲ. ಬರ್ಡ್‌ನ ಎರಡು ಯಾನಗಳಲ್ಲಿ ಅಳಿದ ನಾಯಿಗಳ ನೆನಪಿಗೆ 1938ರ ಅಕ್ಟೋಬರ್‌ನಲ್ಲಿ ಅಲ್ಲೊಂದು ಸ್ಮಾರಕವನ್ನು ನಿಲ್ಲಿಸಿದರು. ವಿಜ್ಞಾನಕ್ಕಾಗಿ ಅವು ಪ್ರಾಣ ಕೊಟ್ಟವೆಂಬುದು ಅಲ್ಲಿನ ಬರಹದ ಭಾವ. ಕೊಟ್ಟವೋ, ಅವುಗಳಿಂದ ಪಡೆಯಲಾಯಿತೋ? ನಂಬಿ ದನಿಗೆ ಓಗೊಟ್ಟ ಪ್ರಾಣಿ ಒಪ್ಪಿಗೆ ಕೊಟ್ಟಂತಾಯಿತೆ?

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರವು ವಧದ ಜೊತೆಯಲ್ಲಿಯೇ ಬಂಧವನ್ನೂ ಅತಿಭಾರಾರೋಪಣವನ್ನೂ ಇರಿಸಿದೆ. ಕೊಲ್ಲದಿರುವುದಷ್ಟೇ ಸಾಲದು, ಹೇರುವ ಹೊರೆಯನ್ನೂ ತೂಗಬೇಕು. ಅಕ್ಕರೆಯಿಂದ ಸಾಕಿದ ಕೈಯೇ ಹೇರಿದರೂ ಹೊರೆ ಹೊರೆಯೇ, ಆ ಕೈ ಗಂಡಿನದಾಗಲಿ ಹೆಣ್ಣಿನದಾಗಲಿ.

ಎತ್ತಿನ ಗಾಡಿಯ ಓಟವನ್ನು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತಡೆಯಿತು. ಕರ್ನಾಟಕವು 2017ರಲ್ಲಿ ತಿದ್ದುಪಡಿಯ ಮೂಲಕ ಅವಕಾಶ ಮಾಡಿಕೊಂಡಿತು. 2023ರ ಮೇ ತಿಂಗಳಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕಾನೂನಿನ ಮಾತು ಅಲ್ಲಿಗೆ ಮುಗಿಯಿತು. ಗಾಡಿ ಬಿಚ್ಚಿದೊಡನೆ, ತಾನು ಪಾನಕ ಕುಡಿಯುವ ಮೊದಲು ಎತ್ತಿನ ಬಾಯಿಗೆ ನೀರು ಹಿಡಿಯುವವರು ಜಾತ್ರೆಯ ಬಯಲಿನಲ್ಲಿ ಇದ್ದಾರೆ. ಬಾರುಕೋಲನ್ನು ಇನ್ನೂ ಕೆಳಗಿಡದವರೂ ಇದ್ದಾರೆ.