ಬಿಡಿ ಇಲ್ಲದೆ ಇಡಿ ಇಲ್ಲ

ಮುರಿದ ಮೇಲೆ ಬದಲಾಯಿಸುವುದು ನಮ್ಮ ಮನೆಗಳ ಪದ್ಧತಿ. ಬಾವಿಯ ಹಗ್ಗ ಹರಿದು ಕೊಡ ತಳ ಸೇರಿದ ಮೇಲೆಯೇ ಹೊಸ ಹಗ್ಗದ ಮಾತು. ಸೈಕಲ್ಲಿನ ಚೈನು ನಡುಬೀದಿಯಲ್ಲಿ ತುಂಡಾದ ಮೇಲೆಯೇ ಅಂಗಡಿಯ ನೆನಪು. ನಾನೂ ಈ ಪಂಥಕ್ಕೆ ಸೇರಿದವನೇ. ಗಟ್ಟಿಮುಟ್ಟಾಗಿರುವ ವಸ್ತುವನ್ನು ತೆಗೆದೆಸೆಯುವುದೆಂದರೆ ಬಡಿಸಿದ ಅನ್ನವನ್ನು ಚೆಲ್ಲಿದಷ್ಟು ಸಂಕಟ ನನಗೆ. ಆದರೆ ಇದಕ್ಕೆ ತೀರ ವಿರುದ್ಧವಾದ ಧರ್ಮವನ್ನು ಪಾಲಿಸುವವರೂ ಲೋಕದಲ್ಲಿದ್ದಾರೆ. ಆಪತ್ತಿನಲ್ಲಿ ಸಿಕ್ಕಿದವರನ್ನು ಹುಡುಕಿ ತರುವ ಸೈನ್ಯದ ಹೆಲಿಕಾಪ್ಟರುಗಳನ್ನು ಸಜ್ಜುಗೊಳಿಸುವ ಕುಶಲಕರ್ಮಿಗಳೇ ಅವರು.

ಅವರ ಬಳಿ ಪ್ರತಿಯೊಂದು ಮುಖ್ಯ ಬಿಡಿಭಾಗಕ್ಕೂ ಜಾತಕದಂತಹ ಒಂದು ದಾಖಲೆಯಿರುತ್ತದೆ. ಅದು ಹುಟ್ಟಿದ್ದೆಂದು, ಎಷ್ಟು ಗಂಟೆ ಹಾರಿತು, ಇನ್ನೆಷ್ಟು ಗಂಟೆ ಹಾರಬಹುದು, ಎಲ್ಲವೂ ಅದರಲ್ಲಿ ಲಿಖಿತ. ಆಯುಸ್ಸು ತುಂಬಿದ ಭಾಗ ಹೊಸದರಂತೆ ಹೊಳೆಯುತ್ತಿದ್ದರೂ ಅದನ್ನು ಬಿಚ್ಚಿಡಲೇಬೇಕು. ಕೆಲವು ರಬ್ಬರಿನ ಭಾಗಗಳಿಗಂತೂ ಉಗ್ರಾಣದಲ್ಲಿ ಸುಮ್ಮನೆ ಮಲಗಿದ್ದರೂ ವಯಸ್ಸಾಗುತ್ತದೆ. ಕಡಲಿನಿಂದ ಮನುಷ್ಯನನ್ನು ಮೇಲೆತ್ತುವ ಉಕ್ಕಿನ ಹಗ್ಗ ಕಿರುಬೆರಳಿಗಿಂತಲೂ ತೆಳು. ಅದರ ಎಳೆಗಳು ಮುರಿದಿದ್ದರೆ ಇಡೀ ಹಗ್ಗವನ್ನೇ ತೆಗೆದುಹಾಕುತ್ತಾರೆ. ಇದೆಲ್ಲ ದುಂದೆಂದು ಯಾರಿಗಾದರೂ ತೋರೀತು.

ದುಂದಲ್ಲವೆಂಬುದಕ್ಕೆ ಎರಡು ಪ್ರಸಂಗಗಳು ಸಾಕು. 1972ರ ಜೂನ್ 21ರಂದು ಫ್ರಾನ್ಸಿನ ಜ್ಯಾಂ ಬೂಲೆ ಎಂಬವರು 'ಲಾಮಾ' ಹೆಲಿಕಾಪ್ಟರಿನಲ್ಲಿ 12,442 ಮೀಟರು ಎತ್ತರಕ್ಕೇರಿದರು. ಅಲ್ಲಿ ಎಂಜಿನ್ನು ಆರಿಹೋಯಿತು. ಆದರೂ ಕೆಳಗಿನಿಂದ ನುಗ್ಗುವ ಗಾಳಿಯ ಬಲದಿಂದಲೇ ರೆಕ್ಕೆಗಳು ತಿರುಗುತ್ತಿರಲು, ಅವರು ಸುರಕ್ಷಿತವಾಗಿ ನೆಲ ಮುಟ್ಟಿದರು. ನಮ್ಮ ಸೈನ್ಯದ ಅಗತ್ಯಕ್ಕಾಗಿಯೇ ರೂಪುಗೊಂಡಿದ್ದ ಆ ಲಾಮಾ, ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ 'ಚೀತಾ' ಎಂಬ ಹೆಸರಿನಿಂದ ತಯಾರಾಗಿ ಹಿಮಾಲಯಕ್ಕೆ ಹೋಯಿತು.

ಎಂಜಿನ್ನು ಸತ್ತರೂ ಬದುಕಬಹುದು, ಸರಿ. ರೆಕ್ಕೆಗಳನ್ನು ಅಂಕೆಯಲ್ಲಿಡುವ ಭಾಗವೇ ಮುರಿದರೆ? 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ 'ಧ್ರುವ' ಬಿದ್ದು ಮೂವರು ತೀರಿಕೊಂಡರು. ಪೈಲಟನ ಕೈಸನ್ನೆಯನ್ನು ತಿರುಗುವ ರೆಕ್ಕೆಗಳಿಗೆ ಮುಟ್ಟಿಸುವ ತಟ್ಟೆಯಂತಹ ಭಾಗವೊಂದು ಬಿರಿದಿದ್ದುದು ತನಿಖೆಯಲ್ಲಿ ಕಂಡುಬಂದಿತು. ಆ ದುರಂತದ ಬಳಿಕ ದೇಶದ ಮುನ್ನೂರಕ್ಕೂ ಹೆಚ್ಚು ಧ್ರುವಗಳು ನೆಲ ಹಿಡಿದು ನಿಂತವು. ಭೂಸೇನೆ, ವಾಯುಸೇನೆಗಳ ಧ್ರುವಗಳು ಮತ್ತೆ ಹಾರಲು ಅಪ್ಪಣೆ ದೊರೆಯುವ ಹೊತ್ತಿಗೆ ಮೇ ತಿಂಗಳು ಬಂದಿತ್ತು.

ಹೀಗೆ ಯಂತ್ರಗಳು ನಿಂತಾಗ ಅವುಗಳ ದಾರಿ ಕಾಯುವವರು ಯಾರು? ನನಗೆ ನೆನಪಾಗುವುದು ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರು. 2016ರ ಫೆಬ್ರವರಿ 3ರಂದು ಸಿಯಾಚಿನ್ನಿನಲ್ಲಿ, 19,600 ಅಡಿ ಎತ್ತರದಲ್ಲಿ, ಹಿಮ ಕುಸಿದು ಹತ್ತು ಮಂದಿ ಸೈನಿಕರು ಹೂತುಹೋದರು. ಆರು ದಿನಗಳ ಮೇಲೆ ಹಿಮವನ್ನು ಅಗೆದು ತೆಗೆದಾಗ ಅವರೊಬ್ಬರು ಇನ್ನೂ ಉಸಿರಾಡುತ್ತಿದ್ದರು. ಹೆಲಿಕಾಪ್ಟರು ಅವರನ್ನು ಕೆಳಗೆ ತಂದಿತು. ಫೆಬ್ರವರಿ 11ರಂದು ದೆಹಲಿಯ ಸೈನಿಕ ಆಸ್ಪತ್ರೆಯಲ್ಲಿ ಅವರು ಕಣ್ಣುಮುಚ್ಚಿದರು. ಆದರೂ ಆ ಹಾರಾಟ ವ್ಯರ್ಥವೆನ್ನಲು ಯಾರಿಗೆ ನಾಲಿಗೆ ಬಂದೀತು? ನಿನ್ನನ್ನು ನಾವು ಕೈಬಿಟ್ಟಿಲ್ಲವೆಂದು ಹಿಮದ ನಡುವಿನ ಸೈನಿಕನಿಗೆ ದೇಶವು ಹೇಳುವ ಮಾತು ಅಂತಹ ಹಾರಾಟವೊಂದೇ.

ಆ ಮಾತನ್ನು ಉಳಿಸಿಕೊಳ್ಳುವ ಭಾರ ಪೈಲಟನದು ಮಾತ್ರವಲ್ಲ. ಸಾಹಸಕ್ಕೆ ಪದಕಗಳುಂಟು, ಸಕಾಲಕ್ಕೆ ಹಳೆಯ ಭಾಗವನ್ನು ತೆಗೆದು ಹೊಸದನ್ನು ಕೂಡಿಸಿದವನ ಹೆಸರು ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ. ಆದರೆ ಬೇಕಾದ ದಿನ ಬೇಕಾದ ಬಿಡಿಭಾಗ ಉಗ್ರಾಣದಲ್ಲಿ ಇಲ್ಲದೆ ಹೋದರೆ, ಎಂತಹ ಧೈರ್ಯವೂ ನೆಲದ ಮೇಲೆಯೇ ಉಳಿಯುತ್ತದೆ.